ಕಾನೂನು ಗೊತ್ತಿಲ್ಲ ಅನ್ನುವುದು ನೆಪ ಅಲ್ಲವಂತೆ. ಹಾಗಾದ್ರೆ ಕಾನೂನನ್ನು ಎಲ್ಲಿ ಇಟ್ಟಿದ್ದೀರಿ?

ಕಾನೂನು ಗ್ರಂಥಪಾಲಕರ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿ ಬಂದೆ ಅಂತ ಗೊತ್ತಾದ ಮೇಲೆ ನಮ್ಮವರೇ ಮೂರು ನಾಲ್ಕು ಜನ ಫೋನ್ ಮಾಡಿ ಕೇಳಿದರು: ಡಿ.ಸಿ. ಮನ್ನಾ ಜಾಗದ ಅರ್ಜಿ ಬರೆದುಕೊಂಡು ಹೆಬ್ರಿ, ಕಾರ್ಕಳ, ಉಡುಪಿ ಅಂತ ಬಸ್ಸಲ್ಲಿ ಓಡಾಡುವ ನಿಮಗೆ ಅಲ್ಲಿ ಎಂತ ಕೆಲಸ ಮಾರಾಯ್ರೆ? ಒಬ್ಬ ತಮ್ಮನಂತೂ ನೇರ ಹೇಳಿದ, "ಅಣ್ಣ, ನೀವೂ ಸೆಮಿನಾರ್ ಪಾರ್ಟಿ ಆದ್ರಾ?" ಪ್ರಶ್ನೆ ಸರಿಯಾಗಿಯೇ ಉಂಟು. ಉತ್ತರ ಸ್ವಲ್ಪ ಉದ್ದ. ಪುರ್ಸೊತ್ತು ಮಾಡಿಕೊಂಡು ಓದಿ.

ನಮ್ಮ ಕರಾವಳಿಯ ದಲಿತ ಚಳವಳಿ ಬೀದಿಯಲ್ಲಿ ಸೋತದ್ದಕ್ಕಿಂತ ಕಾಗದದಲ್ಲಿ ಸೋತದ್ದು ಹೆಚ್ಚು. ಧರಣಿ ಕೂತರೆ ಅಧಿಕಾರಿಗಳು ಬಂದು ಮನವಿ ತೆಗೆದುಕೊಳ್ಳುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ, ಅಲ್ಲಿಯವರೆಗೆ ಗೆಲುವು ನಮ್ಮದೇ. ಆಮೇಲೆ ಕಡತ ಮೇಜಿನಿಂದ ಮೇಜಿಗೆ ಹೋಗುತ್ತದಲ್ಲ, ಅಲ್ಲಿ ಯಾರೋ ಒಂದು ಸೆಕ್ಷನ್, ಒಂದು ಸುತ್ತೋಲೆ, ಒಂದು ತೀರ್ಪಿನ ಹೆಸರು ಬರೆಯುತ್ತಾರೆ. ಮುಗಿಯಿತು. ಆ ಸುತ್ತೋಲೆ ಎಂತದ್ದು, ಆ ತೀರ್ಪಿನಲ್ಲಿ ನಿಜವಾಗಿ ಎಂತ ಹೇಳಿದೆ ಅಂತ ನೋಡಲು ಹೋದರೆ ಅದು ನಮ್ಮ ಕೈಗೆ ಎಟಕುವ ದೂರದಲ್ಲಿ ಇಲ್ಲ. ಅದನ್ನು ಇಟ್ಟುಕೊಂಡವರು ಯಾರು, ಜೋಡಿಸುವವರು ಯಾರು, ಯಾರಿಗೆ ಎಷ್ಟು ಬಾಗಿಲು ತೆರೆಯಬೇಕು ಅಂತ ತೀರ್ಮಾನ ಮಾಡುವವರು ಯಾರು? ಅವರ ಮುಖ ನೋಡಿ ಬರಲು ಹೋದದ್ದು ನಾನು.

ಕುಮ್ಕಿ ವಿಷಯ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ವರ್ಗದ ಜಮೀನು ಇರುವ ಹಳೆಯ ಮನೆಯವರನ್ನು ನಿದ್ರೆಯಲ್ಲಿ ಎಬ್ಬಿಸಿ ಕೇಳಿದರೂ ಕುಮ್ಕಿ ಅಂದರೆ ಎಂತ ಅಂತ ಹೇಳುತ್ತಾರೆ. ವರ್ಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಅದನ್ನು ಉಳಿಸಿಕೊಂಡು ಬಂದಿದೆ. ಸವಲತ್ತು ಮಾತ್ರ, ಒಡೆತನ ಅಲ್ಲ. ಆದರೆ ಆ ಸೆಕ್ಷನ್ ನಂಬ್ರ ಅಜ್ಜನಿಂದ ಮೊಮ್ಮಗನಿಗೆ, ವಕೀಲರ ಕಟ್ಟಿನಿಂದ ಕಟ್ಟಿಗೆ ಆಸ್ತಿಯ ಹಾಗೇ ಇಳಿದು ಬಂದಿದೆ. ಅವರ ಮನೆಯಲ್ಲಿ ಕಾನೂನು ಪುಸ್ತಕದ ಲೈಬ್ರರಿ ಬೇಕಾಗಿಲ್ಲ, ಚಾವಡಿಯೇ ಸಾಕು.

ಈಗ ನಮ್ಮ ಡಿ.ಸಿ. ಮನ್ನಾ. ಮದ್ರಾಸ್ ಪ್ರಾಂತ್ಯದ ಬ್ರಿಟಿಷ್ ಆಡಳಿತದಲ್ಲಿ 'ಡಿಪ್ರೆಸ್ಡ್ ಕ್ಲಾಸ್' ಜನರಿಗೆ ಅಂತ ಊರೂರಲ್ಲಿ ಕಾದಿರಿಸಿದ ಜಾಗ. ನಮ್ಮ ಹುಡುಗರಲ್ಲೇ ಎಷ್ಟೋ ಮಂದಿ ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂದುಕೊಂಡಿದ್ದಾರೆ. ಯಾಕೆ ಅಂದುಕೊಳ್ಳಬಾರದು? ಆ ಆದೇಶದ ಒಂದು ಪ್ರತಿಯನ್ನು ಅವರಿಗೆ ಯಾರು ಯಾವತ್ತು ತೋರಿಸಿದ್ದಾರೆ? ಹೆಬ್ರಿ ತಾಲೂಕಾದದ್ದು ಮೊನ್ನೆ ಮೊನ್ನೆ, ಅದಕ್ಕೆ ಮೊದಲು ಕಾರ್ಕಳ. 1997ಕ್ಕೆ ಮೊದಲು ಉಡುಪಿ ಜಿಲ್ಲೆಯೇ ಇರಲಿಲ್ಲ, ಎಲ್ಲ ದಕ್ಷಿಣ ಕನ್ನಡ. 1956ಕ್ಕೆ ಮೊದಲು ನಾವು ಮದ್ರಾಸಿನವರು. ಅಂದರೆ ನಮ್ಮ ಒಂದು ತುಂಡು ಭೂಮಿಯ ಕತೆ ಹೆಬ್ರಿ, ಕಾರ್ಕಳ, ಮಂಗಳೂರು, ಚೆನ್ನೈ ಅಂತ ನಾಲ್ಕು ಊರಿನ ಕಪಾಟಿನಲ್ಲಿ ಹರಡಿ ಬಿದ್ದಿದೆ. ಅತಿಕ್ರಮಣ ಮಾಡಿದವನಿಗೆ ಒಂದು ಬೇಲಿ ಸಾಕು. ನಮಗೆ ನಾಲ್ಕು ಊರಿನ ಕಾಗದ ಬೇಕು. ಇನ್ನೊಂದು ಸಂಗತಿ ಗಮನಿಸಿದ್ದೀರಾ? ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಆ ಕಟ್ಟುಗಳನ್ನು ಹೊತ್ತು, ಇಳಿಸಿ, ಧೂಳು ಕೊಡವುವ ಗ್ರೂಪ್ ಡಿ ಕೆಲಸದಲ್ಲಿ ನಮ್ಮವರೇ ಎಷ್ಟು ಜನ. ಧೂಳು ನಮ್ಮ ಮೂಗಿಗೆ, ಅಕ್ಷರ ಇನ್ನೊಬ್ಬರ ಕಣ್ಣಿಗೆ.

ನಮ್ಮ ಕಡೆಯ ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಅಜ್ಜನಿಗೆ ದರ್ಖಾಸ್ತಿನಲ್ಲಿ ಸಿಕ್ಕಿದ ಜಾಗ. ಕಾಯಿಲೆ, ಮದುವೆ, ಸಾಲ ಅಂತ ಎಂಬತ್ತರ ದಶಕದಲ್ಲಿ ಕೈ ತಪ್ಪಿತು. 1978ರ ಪಿಟಿಸಿಎಲ್ ಕಾಯ್ದೆ ನಿಮಗೆಲ್ಲ ಗೊತ್ತುಂಟು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಮಂಜೂರಾತಿಯ ಷರತ್ತು ಮುರಿದು, ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದರೆ ಅದು ಊರ್ಜಿತವೇ ಅಲ್ಲ. ಅಸಿಸ್ಟೆಂಟ್ ಕಮಿಷನರ್ ಅದನ್ನು ಬಿಡಿಸಿ ವಾರಸುದಾರರಿಗೆ ಕೊಡಿಸಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ಕಾಯ್ದೆಯನ್ನು ಎತ್ತಿ ಹಿಡಿದಿದೆ. ಆ ಮನೆಯ ದೊಡ್ಡಮ್ಮ ಕೆಲವು ವರ್ಷದ ಹಿಂದೆ ಅರ್ಜಿ ಹಾಕಿದರು. ವಜಾ. ಆದೇಶದಲ್ಲಿ 'ವಿಳಂಬ' ಅಂತ ಒಂದು ಶಬ್ದ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ತೀರ್ಪಿನ ಹೆಸರು, ನೆಕ್ಕಂಟಿ ರಾಮಲಕ್ಷ್ಮಿ. ದೊಡ್ಡಮ್ಮ ಕೇಳಿದರು, "ಮಗಾ, ಈ ನೆಕ್ಕಂಟಿ ಯಾರು? ನಮ್ಮ ಜಾಗ ಅವರಿಗೆ ಹೋಯ್ತಾ?"

ನಗಬೇಡಿ. ಒಂದರ್ಥದಲ್ಲಿ ಅವರಿಗೇ ಹೋದದ್ದು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ, ಕಾಯ್ದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ದರೂ 'ಯುಕ್ತ ಸಮಯ'ದೊಳಗೆ ಅರ್ಜಿ ಹಾಕಬೇಕು, ಎರಡು ದಶಕಕ್ಕೂ ಹೆಚ್ಚು ತಡ ಆದದ್ದು ಯುಕ್ತ ಅಲ್ಲ ಎಂದಿತು. ಅದು ವಕೀಲರು ಓದುವ ತೀರ್ಪು ವರದಿಯ ಸಂಪುಟದಲ್ಲಿ ಬಂದದ್ದು 2020ರಲ್ಲಿ. ಆಮೇಲೆ ರಾಜ್ಯದಾದ್ಯಂತ ನಮ್ಮವರ ಅರ್ಜಿಗಳು ಸಾಲಾಗಿ ಬಿದ್ದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ ಬರೆದರು, ಸಿಹಿ ಹಂಚಿದೆವು. 2024ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ತಿದ್ದುಪಡಿ ಬಂದರೂ 'ಯುಕ್ತ ಸಮಯ'ದ ತತ್ವ ಹೋಗಿಲ್ಲ ಎಂದಿತು. ಈ ನಾಲ್ಕು ತಿರುವುಗಳಲ್ಲಿ ಯಾವುದಾದರೂ ಒಂದು ಕನ್ನಡದಲ್ಲಿ, ಮೂಲ ಮಾತಿನ ಸಮೇತ, ಹೆಬ್ರಿಯ ಯಾವುದಾದರೂ ಸಾರ್ವಜನಿಕ ಕಪಾಟಿನಲ್ಲಿ ದೊಡ್ಡಮ್ಮನಿಗೆ ಸಿಗುತ್ತಿತ್ತಾ? ಇಲ್ಲ. ತಡ ಮಾಡಿದಿರಿ ಅಂತ ಅವರಿಗೆ ಹೇಳಿದ ವ್ಯವಸ್ಥೆ, ಕಾನೂನನ್ನು ಅವರ ಅಂಗಳಕ್ಕೆ ತಲುಪಿಸಲು ತಾನು 40 ವರ್ಷ ತಡ ಮಾಡಿದ್ದನ್ನು ಯಾವ ಆದೇಶದಲ್ಲೂ ಬರೆದಿಲ್ಲ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡೇ ನಾನು ಸಮ್ಮೇಳನಕ್ಕೆ ಹೋದದ್ದು. ಅದರ ಹೆಸರು, ಸಂಘಟಕರ ಹೆಸರು ಇಲ್ಲಿ ಬೇಡ. ಕಾನೂನು ಕಾಲೇಜಿನ ಲೈಬ್ರರಿಯಲ್ಲಿರುವ ಗೆಳತಿಯೊಬ್ಬರು ಒತ್ತಾಯ ಮಾಡಿ ಕರೆದರು, ನೋಂದಣಿ ಶುಲ್ಕ ಮಾಫಿ ಮಾಡಿಸಿದರು. ಮಾಫಿ ಇಲ್ಲದಿದ್ದರೆ ನಾನು ಆ ಗೇಟು ದಾಟುತ್ತಿರಲಿಲ್ಲ. ಅಲ್ಲಿದ್ದವರು ನನ್ನನ್ನು ಗೌರವದಿಂದಲೇ ನಡೆಸಿಕೊಂಡರು. ನನ್ನ ಜಗಳ ಒಬ್ಬಿಬ್ಬರ ಜೊತೆ ಅಲ್ಲ, ಆ ಕಸುಬಿನ ಜೊತೆ.

ಇದೊಂದು ದೊಡ್ಡ ಕಸುಬು ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅಮೆರಿಕದಲ್ಲಿ ಕಾನೂನು ಗ್ರಂಥಾಲಯಗಳ ಸಂಘ 1906ರಿಂದ ಉಂಟು. ಅಂತಾರಾಷ್ಟ್ರೀಯ ಸಂಘ 1959ರಲ್ಲಿ ಆಯಿತು, ಅವರು ವರ್ಷಕ್ಕೊಂದು ದೇಶದಲ್ಲಿ ಸೇರುತ್ತಾರೆ. 2007ರ ಡಿಸೆಂಬರಿನಲ್ಲಿ ನಮ್ಮ ಮುಂಬೈಯಲ್ಲೇ ಸೇರಿದ್ದರು, ಭಾರತದ ಕಾನೂನು ವ್ಯವಸ್ಥೆಯೇ ಅಲ್ಲಿ ಚರ್ಚೆಯ ವಿಷಯ. ಮುಂಬೈ ಅಂದರೆ ಬಾಬಾಸಾಹೇಬರು ಸರ್ಕಾರಿ ಕಾನೂನು ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದ ಊರು. ತಮ್ಮ ಪುಸ್ತಕಗಳನ್ನು ಇಡಲೆಂದೇ ದಾದರಿನಲ್ಲಿ ರಾಜಗೃಹ ಕಟ್ಟಿಸಿದ ಊರು. ಈ ದೇಶದ ಅತಿ ದೊಡ್ಡ ಕಾನೂನು ಓದುಗ ಯಾರು ಅಂತ ಕೇಳಿದರೆ ಬೇರೆ ಹೆಸರು ನನಗೆ ಹೊಳೆಯುವುದಿಲ್ಲ. 2020ರ ಜುಲೈಯಲ್ಲಿ ಆ ರಾಜಗೃಹದ ಮೇಲೆ ಕಲ್ಲು ಬಿತ್ತು, ಹೂಕುಂಡ ಒಡೆದರು. ಪುಸ್ತಕ ಓದಿದ ದಲಿತನ ಮನೆ ಮೇಲೆ ಈ ದೇಶಕ್ಕೆ ಇನ್ನೂ ಸಿಟ್ಟು ಆರಿಲ್ಲ.

ಸಮ್ಮೇಳನದ ತುಂಬ ಒಂದೇ ಶಬ್ದ, ಆಕ್ಸೆಸ್. ಕಾನೂನಿನ ಲಭ್ಯತೆ. ಮೊದಲ ದಿನ ಬೆಳಿಗ್ಗೆ ಕೇಳಿ ನನಗೆ ಖುಷಿಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಅವರ ಲಭ್ಯತೆ ಬೇರೆ, ನಮ್ಮ ಲಭ್ಯತೆ ಬೇರೆ. ಅವರಿಗೆ ಲಭ್ಯತೆ ಅಂದರೆ ಪಾಸ್‌ವರ್ಡ್. ಯಾವ ಡೇಟಾಬೇಸಿಗೆ ವರ್ಷಕ್ಕೆ ಎಷ್ಟು ಚಂದಾ, ಕ್ಯಾಂಪಸ್ಸಿನ ಹೊರಗಿಂದ ವಿದ್ಯಾರ್ಥಿ ಹೇಗೆ ಲಾಗಿನ್ ಆಗಬೇಕು, ಕೃತಕ ಬುದ್ಧಿಮತ್ತೆ ತೀರ್ಪನ್ನು ಹೇಗೆ ಹತ್ತು ಸಾಲಿಗೆ ಇಳಿಸುತ್ತದೆ. ಹಾಲಿನ ಹೊರಗೆ ಕಂಪನಿಗಳ ಸ್ಟಾಲು, ಪುಕ್ಕಟೆ ಬ್ಯಾಗು, ಪೆನ್ನು. ಬ್ಯಾಗು ಒಳ್ಳೆಯದೇ ಉಂಟು, ಈಗ ಅದರಲ್ಲೇ ಅರ್ಜಿಗಳನ್ನು ಹಾಕಿಕೊಂಡು ತಿರುಗುತ್ತಿದ್ದೇನೆ.

ಭಾಷಣ ಮಾಡಿದ ನಮ್ಮ ದೇಶದವರೆಲ್ಲ ರಂಗನಾಥನ್ ಹೆಸರು ತೆಗೆದರು. ಎಸ್.ಆರ್. ರಂಗನಾಥನ್, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ತಂದವರು, 1962ರಲ್ಲಿ ಬೆಂಗಳೂರಿನಲ್ಲಿ ಆ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದವರು. ದೊಡ್ಡ ವಿದ್ವಾಂಸರು, ಅದರಲ್ಲಿ ಮಾತಿಲ್ಲ. ಪ್ರತಿ ಓದುಗನಿಗೂ ಅವನವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಆ ಸೂತ್ರಗಳ ಸಾರ. ಆದರೆ 1931 ಅಂದರೆ ಮಹಾಡದ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮವರು ಪೆಟ್ಟು ತಿಂದು ನಾಲ್ಕೇ ವರ್ಷ. ನಮ್ಮ ಮಕ್ಕಳು ಶಾಲೆಯ ಜಗಲಿಯ ಹೊರಗೆ ಕೂತು ಪಾಠ ಕೇಳುತ್ತಿದ್ದ ಕಾಲ. ಆ ಐದೂ ಸೂತ್ರ ಶುರುವಾಗುವುದು ಬಾಗಿಲಿನ ಒಳಗೆ ಬಂದವನಿಂದ. ಬಾಗಿಲಿನ ಹೊರಗೆ ನಿಂತವನ ಬಗ್ಗೆ ಒಂದು ಸೂತ್ರ ಬರೆಯಬೇಕಿತ್ತು ಅಂತ 90 ವರ್ಷದಲ್ಲಿ ಆ ಕಸುಬಿನಲ್ಲಿ ಎಷ್ಟು ಜನಕ್ಕೆ ಅನ್ನಿಸಿದೆ? ನಾನು ಎದ್ದು ಇದನ್ನೇ ಕೇಳಿದೆ. ಒಬ್ಬರು ಬಹಳ ಮೆತ್ತಗೆ ಹೇಳಿದರು, ಈಗ ಎಲ್ಲ ಆನ್‌ಲೈನ್ ಇದೆಯಲ್ಲ, ಬಾಗಿಲೇ ಇಲ್ಲವಲ್ಲ ಅಂತ.

ಬಾಗಿಲು ಇಲ್ಲವಾ? ನೋಡುವ.

2002ರಲ್ಲಿ ಮಾಂಟ್ರಿಯಲ್‌ನಲ್ಲಿ ಇದೇ ಕ್ಷೇತ್ರದವರು ಸೇರಿ ಒಂದು ಘೋಷಣೆ ಮಾಡಿದರು. ಕಾನೂನಿನ ಮಾಹಿತಿ ಮನುಕುಲದ ಸೊತ್ತು, ಅದು ಪುಕ್ಕಟೆಯಾಗಿ ಎಲ್ಲರಿಗೂ ಸಿಗಬೇಕು ಅಂತ ಅದರ ತಾತ್ಪರ್ಯ. ಒಳ್ಳೆಯ ಮಾತು, ನಾನು ಸಹಿ ಹಾಕುತ್ತೇನೆ. ನಮ್ಮ ದೇಶದಲ್ಲೂ ಕೆಲಸ ಆಗಿದೆ, ಇಲ್ಲ ಅನ್ನುವುದಿಲ್ಲ. 2008ರಿಂದ ಇಂಡಿಯನ್ ಕಾನೂನ್ ತಾಣ ಉಂಟು, 2023ರಲ್ಲಿ ಸುಪ್ರೀಂ ಕೋರ್ಟ್ ತನ್ನ ವರದಿಯಾದ ತೀರ್ಪುಗಳನ್ನು ಪುಕ್ಕಟೆ ಹುಡುಕಲು ಬಿಟ್ಟಿತು. ಮುಂಬೈಯಲ್ಲಿ ಆ ಗ್ರಂಥಪಾಲಕರು ಸೇರಿದ್ದ ಅದೇ 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತೀರ್ಪಿನ ಮೂಲ ಪಠ್ಯ ಸಾರ್ವಜನಿಕರದ್ದು, ಯಾರು ಬೇಕಾದರೂ ಅಚ್ಚು ಹಾಕಬಹುದು. ಆದರೆ ಪ್ರಕಾಶಕರು ಅದನ್ನು ಪ್ಯಾರಾ ಮಾಡಿ, ನಂಬ್ರ ಹಾಕಿ, ಯಾವ ನ್ಯಾಯಮೂರ್ತಿ ಒಪ್ಪಿದರು ಯಾರು ಒಪ್ಪಲಿಲ್ಲ ಅಂತ ಗುರುತು ಮಾಡಿದ ಭಾಗ ಅವರದ್ದು. ಕಾನೂನಿನ ಪ್ರಕಾರ ಅದು ಸರಿ ಇರಬಹುದು. ನನಗೆ ಕಾಣುವುದು ಇಷ್ಟು: ಅಕ್ಕಿ ಎಲ್ಲರದ್ದು, ಬೇಯಿಸಿದ ಅನ್ನ ದುಡ್ಡಿದ್ದವರದ್ದು. ನಮಗೆ ಬೇಕಾದದ್ದು ಅನ್ನ. ಸಾವಿರಾರು ತೀರ್ಪಿನ ರಾಶಿಯಲ್ಲಿ ನನ್ನ ಜಮೀನಿಗೆ ಸಂಬಂಧಪಟ್ಟದ್ದು ಯಾವುದು, ಅದು ಇವತ್ತಿಗೂ ನಿಂತಿದೆಯಾ ಬಿದ್ದಿದೆಯಾ ಅಂತ ಹೇಳುವ ಕೆಲಸಕ್ಕೇ ಚಂದಾ ಕಟ್ಟಬೇಕಾದದ್ದು.

ಮತ್ತೆ ಭಾಷೆ. ಸಂವಿಧಾನದ 348ನೇ ವಿಧಿ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ಭಾಷೆ ಇಂಗ್ಲಿಷ್ ಅನ್ನುತ್ತದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನ ಕಲಾಪಕ್ಕೆ ಬೇರೆ ಭಾಷೆ ತರಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯ ಪ್ರದೇಶ, ಬಿಹಾರಕ್ಕೆ ಹಿಂದಿ ಸಿಕ್ಕಿತು. ಕರ್ನಾಟಕಕ್ಕೆ ಕನ್ನಡ ಸಿಕ್ಕಿಲ್ಲ. ಈಗ ಯಂತ್ರದಿಂದ ಅನುವಾದ ಮಾಡಿಸಿ ಕೆಲವು ತೀರ್ಪುಗಳನ್ನು ಕನ್ನಡದಲ್ಲಿ ಹಾಕುತ್ತಾರೆ. ಯಂತ್ರ 'ಲೀವ್ ಗ್ರಾಂಟೆಡ್' ಅನ್ನುವುದನ್ನು ಹಿಂದಿಯಲ್ಲಿ ರಜೆ ಮಂಜೂರು ಎಂಬಂತೆ ಮಾಡಿತ್ತು ಅಂತ ಸುಪ್ರೀಂ ಕೋರ್ಟಿನವರೇ ಸಭೆಯಲ್ಲಿ ಹೇಳಿ ನಕ್ಕದ್ದುಂಟು. ಮೇಲ್ಮನವಿಗೆ ಅನುಮತಿ ಅಂದರೆ ರಜೆ! ಅವರಿಗೆ ನಗು ಬರುತ್ತದೆ. ದೊಡ್ಡಮ್ಮನ ಆದೇಶದಲ್ಲಿ ಅಂಥದ್ದು ಬಂದರೆ ನಗು ಬರುವುದಿಲ್ಲ. ನಾನು ಕೇಳುವ ಕನ್ನಡ ನವೆಂಬರ್ ತಿಂಗಳ ಬಾವುಟದ ಕನ್ನಡವೂ ಅಲ್ಲ. 'ಪ್ರತ್ಯಾಯೋಜಿತ ಅಧಿಕಾರ' ಅಂತ ಬರೆದರೆ ಅದು ಇನ್ನೊಂದು ಇಂಗ್ಲಿಷೇ. ದರ್ಖಾಸ್ತು, ಪಹಣಿ, ಖಾತೆ, ವರ್ಗ ಅನ್ನುವ ಶಬ್ದ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಆ ಕನ್ನಡದಲ್ಲಿ ಹೇಳಿ.

ಭಾಷೆ ಇಲ್ಲದೆ ಹೋದರೆ ಎಂತ ಆಗುತ್ತದೆ ಅಂತ 2018 ನೆನಪು ಮಾಡಿಕೊಳ್ಳಿ. ಮಾರ್ಚ್ 20ಕ್ಕೆ ದೌರ್ಜನ್ಯ ತಡೆ ಕಾಯ್ದೆಯನ್ನು ಸಡಿಲ ಮಾಡುವ ತೀರ್ಪು ಬಂತು, ಏಪ್ರಿಲ್ 2ಕ್ಕೆ ಭಾರತ್ ಬಂದ್. ಬಂದ್‌ನ ಬಲದಿಂದಲೇ ಆಗಸ್ಟಿನಲ್ಲಿ ಸಂಸತ್ತು 18ಎ ಸೆಕ್ಷನ್ ಸೇರಿಸಿತು, 2019ರ ಅಕ್ಟೋಬರಿನಲ್ಲಿ ಕೋರ್ಟ್ ತನ್ನ ನಿರ್ದೇಶನಗಳನ್ನು ಹಿಂದೆ ತೆಗೆದುಕೊಂಡಿತು, 2020ರಲ್ಲಿ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಗೆದ್ದೆವು. ಆದರೆ ಗೆದ್ದ ಸುದ್ದಿ ಠಾಣೆಯ ಮೇಜಿಗೆ ತಲುಪುವುದು ಸೋತ ಸುದ್ದಿಯಷ್ಟು ಬೇಗ ಅಲ್ಲ. ಪೂರ್ವಭಾವಿ ವಿಚಾರಣೆ ಆಗಬೇಕು, ಆಮೇಲೆ ಎಫ್‌ಐಆರ್ ನೋಡುವ ಅಂತ ಆಮೇಲೂ ನಮ್ಮವರನ್ನು ವಾಪಸ್ ಕಳಿಸಿದ ಅನುಭವ ಎಷ್ಟು ಜನಕ್ಕಿಲ್ಲ? ಆಗ 18ಎ ಸೆಕ್ಷನ್ನಿನ ಕನ್ನಡ ಪ್ರತಿ ಒಂದು ಹಾಳೆ ಕೈಯಲ್ಲಿ ಇದ್ದರೆ ಮಾತು ಬೇರೆ ರೀತಿ ನಡೆಯುತ್ತದೆ. ಒಂದು ಹಾಳೆ.

ಸಮ್ಮೇಳನದಲ್ಲಿ ನನಗೆ ಅತಿ ಸಿಟ್ಟು ಬಂದದ್ದು 'ತಟಸ್ಥತೆ' ಎಂಬ ಮಾತಿಗೆ. ಕಾನೂನು ಗ್ರಂಥಪಾಲಕರು ಪುಸ್ತಕ ತೋರಿಸಬಹುದು, ಸಲಹೆ ಕೊಡಬಾರದು, ಅದು ವಕೀಲರ ಕೆಲಸ. ಇದು ಅವರ ಕಸುಬಿನ ಗೆರೆ. ವಕೀಲರನ್ನು ಇಟ್ಟುಕೊಳ್ಳಬಲ್ಲವನ ಲೋಕದಲ್ಲಿ ಈ ಗೆರೆಗೆ ಅರ್ಥ ಉಂಟು. ಪುಸ್ತಕವೇ ಓದಲಾಗದವನ ಮುಂದೆ ಪುಸ್ತಕ ಇಟ್ಟು ಕೈ ಕಟ್ಟಿ ಕೂತರೆ ಅದು ತಟಸ್ಥತೆ ಅಲ್ಲ, ಬಲವಿದ್ದವನ ಪಕ್ಷ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು. ಸರ್ಕಾರ ವಕೀಲರನ್ನು ಕೊಡುತ್ತದೆ, ಕಾನೂನನ್ನು ಕೊಡುವುದಿಲ್ಲ. ವಕೀಲರು ಹೇಳಿದ್ದನ್ನು ನಂಬಿಕೊಂಡು ಬರಬೇಕು. ನಮ್ಮ ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರೂ ವಕೀಲರೇ. ಅವರ ಋಣ ದೊಡ್ಡದು, ತಲೆ ಬಾಗುತ್ತೇನೆ. ಆದರೆ ಒಳ್ಳೆಯ ವಕೀಲರೊಬ್ಬರು ನಮ್ಮ ಪರವಾಗಿ ಓದಿ ಹೇಳಲಿ ಅಂತ 125 ವರ್ಷ ಆದ ಮೇಲೂ ಕಾಯುತ್ತಾ ಕೂರಬೇಕಾ?

ಹೋದದ್ದು ದಂಡ ಅಲ್ಲ ಅಂತ ಅನ್ನಿಸಿದ್ದು ಒಂದು ಮಾತಿನಿಂದ. ಊಟದ ಹೊತ್ತಿಗೆ ಅಮೆರಿಕದ ಗ್ರಂಥಪಾಲಕಿಯೊಬ್ಬರು ಪಕ್ಕದಲ್ಲಿ ಕೂತು ಅಲ್ಲಿನ ಮೂಲನಿವಾಸಿಗಳ ಬಗ್ಗೆ ಹೇಳಿದರು. ಅವರ ಹಕ್ಕಿಗಾಗಿ ಹೋರಾಡುವ ನೇಟಿವ್ ಅಮೆರಿಕನ್ ರೈಟ್ಸ್ ಫಂಡ್ ಎಂಬ ಸಂಸ್ಥೆ 1972ರಲ್ಲೇ ತನ್ನದೇ ಕಾನೂನು ಗ್ರಂಥಾಲಯ ಶುರು ಮಾಡಿತಂತೆ, ಕೊಲರಾಡೊದ ಬೋಲ್ಡರ್‌ನಲ್ಲಿ. ಬುಡಕಟ್ಟುಗಳ ಸ್ವಂತ ಕಟ್ಟಳೆ, ಒಪ್ಪಂದ, ಅವರ ಮೇಲಿನ ತೀರ್ಪು ಎಲ್ಲ ಒಂದೇ ಕಡೆ. 1972! ನಮ್ಮಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಆದದ್ದು 1973ರಲ್ಲಿ. ಆ ಗಲಾಟೆಯ ಬೆಂಕಿಯಿಂದ ದಲಿತ ಸಂಘರ್ಷ ಸಮಿತಿ ಬಂತು, ಕವಿತೆ ಬಂತು, ಹಾಡು ಬಂತು, ಆತ್ಮಕತೆ ಬಂತು. ಕಾನೂನಿನ ಕಪಾಟು ಬರಲಿಲ್ಲ. ನಮ್ಮ ಹೋರಾಟದ 50 ವರ್ಷದ ಕಾಗದ, ಅಂದರೆ ಆದೇಶ, ಹಿಂಬರಹ, ಸುತ್ತೋಲೆ, ಗೆದ್ದ ಕೇಸು, ಸೋತ ಕೇಸು, ಎಲ್ಲ ಹಿರಿಯರ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಹೋಗುತ್ತಾ ಉಂಟು. ಒಬ್ಬ ಹಿರಿಯರು ತೀರಿಕೊಂಡರೆ ಒಂದು ಊರಿನ ಭೂಮಿಯ ದಾಖಲೆಯೇ ಹೋಯಿತು ಅಂತ ಲೆಕ್ಕ.

ಹೆಸರಿನ ಸಂಗತಿಯೂ ಸಣ್ಣದಲ್ಲ. ಜಗತ್ತಿನ ಗ್ರಂಥಾಲಯಗಳು ಪುಸ್ತಕಕ್ಕೆ ವಿಷಯದ ಹೆಸರು ಹಾಕಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿ ನೋಡುತ್ತವೆ. ಅದರಲ್ಲಿ ನಮ್ಮನ್ನು ಮೊದಲು ಮುಟ್ಟಬಾರದವರು ಎಂಬ ಅರ್ಥದ ಶಬ್ದದಡಿ ಇಟ್ಟಿದ್ದರು, ಈಗ ದಲಿತರು ಅಂತ ಉಂಟು. ಅದೇ ಪಟ್ಟಿಯಲ್ಲಿ ದಾಖಲೆ ಇಲ್ಲದ ವಲಸಿಗರಿಗೆ ಇದ್ದ ಹೀನ ಹೆಸರನ್ನು ತೆಗೆಯಿರಿ ಅಂತ ವಿದ್ಯಾರ್ಥಿಗಳೇ ಹೋರಾಡಿದರು, 2016ರಲ್ಲಿ ತೆಗೆಯುತ್ತೇವೆ ಅಂದವರಿಗೆ ರಾಜಕಾರಣಿಗಳು ಅಡ್ಡ ಬಂದರು, 2021ರಲ್ಲಿ ಬದಲಾಯಿತು. ಪಟ್ಟಿ ಮಾಡುವುದೂ ರಾಜಕೀಯವೇ. ನಮ್ಮಲ್ಲಿ ಕೊರಗರ ಮೇಲಿನ ಅಜಲು ಪದ್ಧತಿ ನಿಷೇಧಿಸಿ 2000ದಲ್ಲಿ ರಾಜ್ಯ ಸರ್ಕಾರ ಒಂದು ಕಾಯ್ದೆಯನ್ನೇ ಮಾಡಿದೆ. ಉಗುರು ಕೂದಲು ಸೇರಿಸಿದ ಅನ್ನ ತಿನ್ನಿಸುವುದು, ಕೂಲಿ ಇಲ್ಲದೆ ಡೋಲು ಬಾರಿಸಲು ಕರೆಯುವುದು ಅಪರಾಧ. ಈ ಕಾಯ್ದೆ ನಮ್ಮ ಕರಾವಳಿಗೇ ಮಾಡಿದ್ದು. ಹೆಬ್ರಿ ಸುತ್ತಿನ ಯಾವ ಕೊರಗ ಕಾಲನಿಯಲ್ಲಿ ಅದರ ಪ್ರತಿ ಉಂಟು ಹೇಳಿ.

ಹಾಗಾದರೆ ಎಲ್ಲಿ ಇಡುವುದು? ಇದಕ್ಕೆ ಕಟ್ಟಡ ಕಟ್ಟಬೇಕಾಗಿಲ್ಲ. ಗ್ರಾಮ ಪಂಚಾಯತ್ ಲೈಬ್ರರಿಗಳು ಉಂಟಲ್ಲ, ಈಗ ಅರಿವು ಕೇಂದ್ರ ಅಂತ ಹೆಸರು. 2019ರಲ್ಲಿ ಅವನ್ನು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು, ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ವಸೂಲಿ ಆಗುತ್ತದೆ, ಅದು ನಮ್ಮ ದುಡ್ಡೂ ಹೌದು. ಅಲ್ಲಿ ಕಥೆ ಪುಸ್ತಕ ಉಂಟು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಉಂಟು, ದಿನಪತ್ರಿಕೆ ಉಂಟು. ಪಿಟಿಸಿಎಲ್ ಕಾಯ್ದೆ, ದೌರ್ಜನ್ಯ ತಡೆ ಕಾಯ್ದೆ ಮತ್ತು ನಿಯಮಗಳು, ಅಜಲು ನಿಷೇಧ ಕಾಯ್ದೆ, ಭೂಮಂಜೂರಾತಿ ನಿಯಮ, ಆ ಊರಿನ ಡಿ.ಸಿ. ಮನ್ನಾ ಜಾಗದ ಸರ್ವೆ ನಂಬ್ರದ ಪಟ್ಟಿ, ಇಷ್ಟನ್ನು ಕನ್ನಡದಲ್ಲಿ ಒಂದು ಅಡಿ ಉದ್ದದ ಕಪಾಟಿನಲ್ಲಿ ಇಡಬಹುದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಸಾಕು. ಕೇಳದೆಯೇ ಪ್ರಕಟಿಸಬೇಕು, ಅದೂ ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಂಡು ಅಂತ ಅದರಲ್ಲಿ ಬರೆದಿದೆ. ಸಣ್ಣ ಗೌರವಧನಕ್ಕೆ ದುಡಿಯುವ ಆ ಮೇಲ್ವಿಚಾರಕಿಯರೇ ನಮ್ಮವರ ಕೈಗೆ ಸಿಗುವ ಗ್ರಂಥಪಾಲಕರು. ಕಾನೂನು ಗ್ರಂಥಪಾಲಕರ ಸಮ್ಮೇಳನಕ್ಕೆ ಮುಂದಿನ ಸಲ ಯಾರನ್ನಾದರೂ ಕರೆಯುವುದಿದ್ದರೆ ನನ್ನನ್ನು ಬೇಡ, ಅವರಲ್ಲಿ ನಾಲ್ಕು ಜನರನ್ನು ಕರೆಯಿರಿ ಅಂತ ಅಲ್ಲೇ ಹೇಳಿ ಬಂದಿದ್ದೇನೆ. ಪ್ರಯಾಣದ ಖರ್ಚು, ಎರಡು ದಿನದ ಸಂಬಳ, ಮಾತಿಗೆ ಒಬ್ಬ ದುಭಾಷಿ ಸಮೇತ.

ದೊಡ್ಡ ಕಾನೂನು ಕಾಲೇಜುಗಳಿಗೂ ಒಂದು ಮಾತು. ನಿಮ್ಮ ಲೈಬ್ರರಿಗಳು ಓಡುವುದು ಬರಿ ಫೀಸಿನಿಂದ ಅಲ್ಲ, ಸರ್ಕಾರದ ಭೂಮಿ ಮತ್ತು ಅನುದಾನ ಕೂಡ ಅದರಲ್ಲಿ ಉಂಟು. ವಾರಕ್ಕೆ ಒಂದು ದಿನ ಊರಿನ ಕಕ್ಷಿದಾರರಿಗೆ ಬಾಗಿಲು ತೆರೆಯಿರಿ, ಒಂದು ತೀರ್ಪು ಹುಡುಕಿ ಕೊಡಿ, ಪ್ರಿಂಟ್ ಕೊಡಿ. ಲೈಸೆನ್ಸ್ ಒಪ್ಪುವುದಿಲ್ಲ ಅನ್ನುತ್ತೀರಿ. ಹಾಗಾದರೆ ಮುಂದಿನ ಸಲ ಕಂಪನಿಯ ಜೊತೆ ಚೌಕಾಶಿ ಮಾಡುವಾಗ ಆ ಷರತ್ತನ್ನೂ ಇಡಿ. ಚಂದಾ ಕಡಿಮೆ ಮಾಡಿಸುವ ಬಗ್ಗೆ ಒಂದಿಡೀ ಗೋಷ್ಠಿ ಮಾಡುವವರಿಗೆ ಇದು ಬರುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಈಗ ಕೆಲಸದ ಮಾತು. ಬರುವ ಆದಿತ್ಯವಾರ ಬೆಳಿಗ್ಗೆ 10 ಗಂಟೆಗೆ ಹೆಬ್ರಿಯಲ್ಲಿ ಸೇರುವ, ಜಾಗ ಫೋನ್ ಮಾಡಿದವರಿಗೆ ಹೇಳುತ್ತೇನೆ. ತಾಲೂಕಿನ ಒಂದೊಂದು ಗ್ರಾಮದ ಡಿ.ಸಿ. ಮನ್ನಾ ಸರ್ವೆ ನಂಬ್ರ ಕೇಳಿ ಮಾಹಿತಿ ಹಕ್ಕಿನ ಅರ್ಜಿಗಳನ್ನು ಅವತ್ತೇ ಬರೆಯುವುದು. ಕಾನೂನು ಓದುತ್ತಿರುವ ನಮ್ಮ ತಂಗಿಯರು ಇಬ್ಬರು ಬರುತ್ತಾರೆ, ನೆಕ್ಕಂಟಿ ತೀರ್ಪನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತಾರೆ, ದೊಡ್ಡಮ್ಮನೂ ಬರುತ್ತಾರೆ. ಹಳೆಯ ಹಕ್ಕುಪತ್ರ, ಹಿಂಬರಹ, ಕೋರ್ಟಿನ ಕಾಗದ, ಹರಿದದ್ದಾದರೂ ಅಡ್ಡಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನಿ. ಸ್ಕ್ಯಾನ್ ಮಾಡಿ ಮೂಲ ಪ್ರತಿಯನ್ನು ಅಲ್ಲೇ ವಾಪಸ್ ಕೊಡುತ್ತೇವೆ. ಸೋತ ಕೇಸಿನ ಆದೇಶ ಇದ್ದರೆ ಅದನ್ನು ಮೊದಲು ತನ್ನಿ.

ಜೈ ಭೀಮ್.